ಹತ್ತು ಭಿಕ್ಷುಗಳಿಗಾಗಿ ದಾಟಿದ ಕಡಲು: ಜಿಯಾನ್‌ಝೆನ್ ಮತ್ತು ತೋಶೋದಾಯ್‌ಜಿ ವಿಹಾರ

ಕ್ರಿ.ಶ. 730ರ ಹೊತ್ತಿಗೆ ಜಪಾನಿನ ರಾಜಧಾನಿ ನಾರಾದಲ್ಲಿ ಬೌದ್ಧ ಧರ್ಮಕ್ಕೆ ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಕೊರಿಯಾದ ದಾರಿಯಲ್ಲಿ ಧರ್ಮ ಆ ದ್ವೀಪಗಳನ್ನು ಮುಟ್ಟಿ ಎರಡು ಶತಮಾನಗಳಾಗುತ್ತ ಬಂದಿತ್ತು. ಅರಮನೆಯ ಆಶ್ರಯವಿತ್ತು, ಗ್ರಂಥಗಳಿದ್ದವು, ದೊಡ್ಡ ದೊಡ್ಡ ವಿಹಾರಗಳು ಎದ್ದಿದ್ದವು. ಆದರೆ ಸಂಘದ ನಿಯಮಗ್ರಂಥವಾದ ವಿನಯಪಿಟಕದ ಪ್ರಕಾರ ಒಬ್ಬ ತರುಣನನ್ನು ಭಿಕ್ಷುವನ್ನಾಗಿ ಮಾಡಬಲ್ಲ ಹತ್ತು ಜನ ಇಡೀ ದೇಶದಲ್ಲಿ ಇರಲಿಲ್ಲ.

ಉಪಸಂಪದೆ ಎಂಬ ಆ ಪೂರ್ಣ ದೀಕ್ಷೆಯನ್ನು ಯಾವ ಗುರುವೂ ಒಬ್ಬನೇ ಕೊಡಲಾರ, ರಾಜನಂತೂ ಕೊಡಲಾರ. ಅದು ಸಂಘ ಕೂಡಿ ಮಾಡುವ ಕೆಲಸ. ಚೀನಾದಲ್ಲಿ ನಡೆದುಬಂದ ಕ್ರಮದಲ್ಲಿ ಮೂವರು ಆಚಾರ್ಯರು, ಏಳು ಸಾಕ್ಷಿಗಳು, ಹೀಗೆ ಹತ್ತು ಜನ ಭಿಕ್ಷುಗಳು ಸೀಮೆಯೊಳಗೆ ಕೂಡಬೇಕು. ದೀಕ್ಷೆ ಬೇಡುವವನ ವಿಷಯವನ್ನು ಸಭೆಯ ಮುಂದಿಟ್ಟು ಮೂರು ಸಲ ಕೇಳಬೇಕು. ಯಾರೂ ಆಕ್ಷೇಪಿಸದೆ ಮೌನವಾಗಿದ್ದರೆ ಸಮ್ಮತಿ ದೊರೆತಂತೆ. ಆ ಹತ್ತೂ ಜನ ಅದೇ ರೀತಿ ದೀಕ್ಷೆ ಪಡೆದವರಾಗಿರಬೇಕು, ಅವರಿಗೆ ಕೊಟ್ಟವರೂ ಹಾಗೆಯೇ. ಈ ಕೊಂಡಿ ಬುದ್ಧನವರೆಗೂ ಹೋಗುತ್ತದೆ ಎಂಬುದು ಸಂಘದ ನಂಬಿಕೆ. ಗ್ರಂಥವನ್ನು ಹಡಗಿನಲ್ಲಿ ತರಿಸಬಹುದು, ವಿಗ್ರಹವನ್ನು ಎರಕ ಹೊಯ್ಯಬಹುದು. ಈ ಕೊಂಡಿಯನ್ನು ಮಾತ್ರ ಮನುಷ್ಯರೇ ಮೈಯಾರೆ ಹೊತ್ತು ತರಬೇಕು.

ಇದು ಜಪಾನಿಗೇ ವಿಶೇಷವಾದ ಸಂಕಟವಲ್ಲ. ಬುದ್ಧನ ಕಾಲದಲ್ಲೇ ಅವಂತಿ ದೇಶದಲ್ಲಿ ಇಂಥದೇ ಪ್ರಸಂಗ ಎದುರಾಗಿತ್ತು. ಸೋಣ ಕುಟಿಕಣ್ಣ ಎಂಬಾತನಿಗೆ ದೀಕ್ಷೆ ಕೊಡಲು ಮಹಾಕಚ್ಚಾನ ಹತ್ತು ಭಿಕ್ಷುಗಳನ್ನು ಕೂಡಿಸಹೊರಟಾಗ ಅದಕ್ಕೆ ಮೂರು ವರ್ಷ ಹಿಡಿಯಿತೆಂದು ವಿನಯದ ಮಹಾವಗ್ಗ ಹೇಳುತ್ತದೆ. ಆ ಕಷ್ಟ ಕೇಳಿದ ಮೇಲೆ ಬುದ್ಧ ಗಡಿನಾಡುಗಳಿಗೆ ಒಂದು ಸಡಿಲಿಕೆ ಕೊಟ್ಟ: ವಿನಯ ಬಲ್ಲವನೊಬ್ಬನಿದ್ದರೆ ಐವರು ಸಾಕು. ನಾರಾದಲ್ಲಿ ಆ ಐವರಿಗೂ ಗತಿಯಿರಲಿಲ್ಲ. ಅಲ್ಲಿನ ಭಿಕ್ಷುಗಳಲ್ಲಿ ಹಲವರು ಬುದ್ಧವಿಗ್ರಹದ ಮುಂದೆ ತಾವೇ ಪ್ರತಿಜ್ಞೆ ಮಾಡಿ ಕಾಷಾಯ ತೊಟ್ಟವರು. ಕಾಷಾಯ ತೊಟ್ಟವನಿಗೆ ತೆರಿಗೆಯಿಲ್ಲ, ಬಿಟ್ಟಿ ದುಡಿಮೆಯಿಲ್ಲ. ಹೀಗಾಗಿ ತಲೆ ಬೋಳಿಸಿಕೊಂಡವರ ಸಂಖ್ಯೆ ಏರುತ್ತಲೇ ಇತ್ತು. ಇವರಲ್ಲಿ ಭಿಕ್ಷು ಯಾರು, ಅಲ್ಲ ಯಾರು ಎಂದು ವಿನಯದ ಆಧಾರದಿಂದ ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. 733ರಲ್ಲಿ ಚೀನಾಕ್ಕೆ ಹೊರಟ ರಾಜನಿಯೋಗದ ಹಡಗುಗಳಲ್ಲಿ ಯೋಯೇಯಿ, ಫುಶೋ ಎಂಬ ಇಬ್ಬರು ಭಿಕ್ಷುಗಳನ್ನು ಕಳಿಸಿದ್ದು ಇದಕ್ಕೆ ಪರಿಹಾರ ಹುಡುಕಲು. ವಿನಯದ ಆಚಾರ್ಯರನ್ನು ಕರೆತರುವುದು ಅವರ ಹೊಣೆ.

ಅವರು ಕೊನೆಗೆ ಕಂಡುಕೊಂಡ ಚೀನೀ ಆಚಾರ್ಯ ಜಿಯಾನ್‌ಝೆನ್‌ನ ಹೆಸರು ಹೇಳಿದೊಡನೆ ಎಲ್ಲರೂ ಆರು ಸಲದ ಸಮುದ್ರಯಾನವನ್ನೂ ಕುರುಡಾದ ಕಣ್ಣುಗಳನ್ನೂ ನೆನೆಯುತ್ತಾರೆ. ನೆನೆಯಬೇಕಾದ್ದೇ. ಆದರೆ ಆತ ಜೀವ ಪಣಕ್ಕಿಟ್ಟದ್ದು ಒಂದು ಸಂಸ್ಥೆಗಾಗಿ, ಒಂದು ಕ್ರಮಕ್ಕಾಗಿ ಎಂಬುದನ್ನು ಮರೆತರೆ ಆ ಸಾಹಸದ ಅರ್ಥವೇ ಕೈತಪ್ಪುತ್ತದೆ. ಒಬ್ಬ ಸಂತ ಹೋಗಿ ಉಪದೇಶ ಮಾಡಿದ್ದರೆ ಸಾಕಾಗಿದ್ದ ಕೆಲಸ ಇದಾಗಿರಲಿಲ್ಲ.

ಜಿಯಾನ್‌ಝೆನ್ ಹುಟ್ಟಿದ್ದು 688ರಲ್ಲಿ, ಯಾಂಗ್‌ಝೌ ನಗರದಲ್ಲಿ. ಯಾಂಗ್‌ಟ್ಸಿ ನದಿಯೂ ಮಹಾಕಾಲುವೆಯೂ ಕೂಡುವೆಡೆಯಲ್ಲಿದ್ದ ಆ ನಗರ ತಾಂಗ್ ಸಾಮ್ರಾಜ್ಯದ ದೊಡ್ಡ ವ್ಯಾಪಾರಕೇಂದ್ರ. ಪರ್ಷಿಯಾದ ವರ್ತಕರೂ ಅಲ್ಲಿ ನೆಲೆಸಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಆತ ವಿಹಾರ ಸೇರಿದ. 708ರಲ್ಲಿ ರಾಜಧಾನಿ ಚಾಂಗ್‌ಆನ್‌ನಲ್ಲಿ ಪೂರ್ಣ ದೀಕ್ಷೆಯಾಯಿತು. ಆತ ಅಭ್ಯಾಸ ಮಾಡಿದ್ದು ಧರ್ಮಗುಪ್ತಕರ ವಿನಯ, ಐದನೆಯ ಶತಮಾನದ ಆರಂಭದಲ್ಲಿ ಬುದ್ಧಯಶ ಎಂಬ ಭಿಕ್ಷು ಚಾಂಗ್‌ಆನ್‌ನಲ್ಲಿ ಚೀನೀ ಭಾಷೆಗೆ ತಂದದ್ದು. ಅದರಲ್ಲಿ ಭಿಕ್ಷುವಿಗೆ 250 ನಿಯಮಗಳು, ಭಿಕ್ಷುಣಿಗೆ 348. ಊರಿಗೆ ಮರಳಿದ ಮೇಲೆ ಜಿಯಾನ್‌ಝೆನ್ ಆ ಸೀಮೆಯಲ್ಲೆಲ್ಲ ವಿನಯದ ಹಿರಿಯ ಆಚಾರ್ಯನೆನಿಸಿಕೊಂಡ. ಆತನಿಂದ ದೀಕ್ಷೆಯನ್ನೂ ಶೀಲವನ್ನೂ ಪಡೆದವರು 40,000ಕ್ಕೂ ಹೆಚ್ಚು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಐವತ್ತು ದಾಟಿದ ಅಂಥ ವ್ಯಕ್ತಿಗೆ ಬದುಕಿನಲ್ಲಿ ಸಾಧಿಸಲು ಇನ್ನೇನೂ ಉಳಿದಿರಲಿಲ್ಲ ಎನ್ನಬೇಕು.

742ರಲ್ಲಿ ಯೋಯೇಯಿ, ಫುಶೋ ಯಾಂಗ್‌ಝೌನ ದಾಮಿಂಗ್ ವಿಹಾರಕ್ಕೆ ಬಂದು ಕಾಲಿಗೆರಗಿದರು. ಚೀನಾಕ್ಕೆ ಬಂದು ಆಗಲೇ ಒಂಬತ್ತು ವರ್ಷಗಳಾಗಿದ್ದವು. ಈ ನಡುವೆ ದಾವೊಶುವಾನ್ ಎಂಬ ಒಬ್ಬ ಆಚಾರ್ಯನನ್ನು 736ರಲ್ಲೇ ನಾರಾಕ್ಕೆ ಕಳಿಸಿದ್ದರು, ಒಬ್ಬನಿಂದ ಸಭೆಯಾಗುವುದಿಲ್ಲವಲ್ಲ. ಶಿಷ್ಯರಲ್ಲಿ ಯಾರನ್ನಾದರೂ ಕಳಿಸಿಕೊಡಿ ಎಂದು ಕೇಳಿದರು. ಜಿಯಾನ್‌ಝೆನ್ ಶಿಷ್ಯರತ್ತ ತಿರುಗಿದ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಷಿಯಾಂಗ್‌ಯಾನ್ ಎಂಬ ಶಿಷ್ಯ ಎದ್ದು, ಆ ಕಡಲನ್ನು ದಾಟಿ ಬದುಕುವವರು ನೂರರಲ್ಲಿ ಒಬ್ಬರೂ ಇಲ್ಲವೆಂದು ಇದ್ದದ್ದನ್ನು ಇದ್ದಂತೆ ಹೇಳಿದ. ಧರ್ಮದ ಕೆಲಸಕ್ಕೆ ಪ್ರಾಣದ ಲೆಕ್ಕ ಹಾಕುವುದೇ, ನೀವು ಹೋಗದಿದ್ದರೆ ನಾನೇ ಹೋಗುತ್ತೇನೆ ಎಂಬರ್ಥದ ಮಾತು ಗುರುವಿನಿಂದ ಬಂತು. ಷಿಯಾಂಗ್‌ಯಾನ್ ಸೇರಿ ಇಪ್ಪತ್ತೊಂದು ಮಂದಿ ಶಿಷ್ಯರು ತಾವೂ ಬರುವುದಾಗಿ ಮುಂದೆ ಬಂದರು.

ಅಪ್ಪಣೆಯಿಲ್ಲದೆ ದೇಶ ಬಿಡುವುದು ತಾಂಗ್ ಕಾನೂನಿನಲ್ಲಿ ಅಪರಾಧ. ಆದ್ದರಿಂದ ತಿಯಾನ್‌ತಾಯ್ ಬೆಟ್ಟಕ್ಕೆ ಕಾಣಿಕೆ ಒಯ್ಯುವ ನೆಪದಲ್ಲಿ ಹಡಗು ಸಿದ್ಧವಾಯಿತು. 743ರ ಆ ಮೊದಲ ಯತ್ನ ದಡದಲ್ಲೇ ಮುರಿಯಿತು. ಜೊತೆಯವರು ಅಲ್ಪವಿದ್ಯೆಯವನೆಂದು ಹಳಿದುದಕ್ಕೆ ಸಿಟ್ಟಾದ ರುಹಾಯ್ ಎಂಬ ಕೊರಿಯಾದ ಭಿಕ್ಷು, ಇವರು ಕಡಲ್ಗಳ್ಳರ ಜೊತೆ ಸೇರಿದ್ದಾರೆಂದು ಅಧಿಕಾರಿಗಳಿಗೆ ದೂರಿತ್ತ. ಹಡಗು ಜಪ್ತಿಯಾಯಿತು. ಅದೇ ಚಳಿಗಾಲದಲ್ಲಿ ಎರಡನೆಯ ಯತ್ನ. ಈ ಸಲ ನೌಕಾಪಡೆಯ ಹಳೆಯ ಹಡಗನ್ನು ಕೊಂಡು, ಹದಿನೇಳು ಭಿಕ್ಷುಗಳ ಜೊತೆಗೆ 85 ಕುಶಲಕರ್ಮಿಗಳನ್ನೂ ಹತ್ತಿಸಿಕೊಂಡರು: ರತ್ನದ ಕೆಲಸದವರು, ಚಿತ್ರ ಬರೆಯುವವರು, ಶಿಲೆಯಲ್ಲಿ ಅಕ್ಷರ ಕೊರೆಯುವವರು, ಕಸೂತಿಯವರು, ಎರಕದವರು. ಜಿಯಾನ್‌ಝೆನ್‌ನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಈ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇಡ. ವಿಹಾರವೊಂದಕ್ಕೆ ಏನೇನು ಬೇಕೋ ಅಷ್ಟನ್ನೂ, ಅದನ್ನು ಮಾಡುವ ಕೈಗಳ ಸಮೇತ ಸಾಗಿಸಲು ಆತ ಹೊರಟಿದ್ದ. ನದೀಮುಖದ ಬಳಿಯೇ ಬಿರುಗಾಳಿಗೆ ಹಡಗು ಒಡೆಯಿತು. ರಿಪೇರಿ ಮಾಡಿಸಿ ಹೊರಟಾಗ ಮತ್ತೆ ಬಂಡೆಗೆ ಬಡಿಯಿತು. ಪಾರಾದವರಿಗೆ ಆಶ್ರಯ ಕೊಟ್ಟದ್ದು ಇಂದಿನ ನಿಂಗ್‌ಬೊ ಬಳಿಯ ಅಶೋಕ ವಿಹಾರ. ಮೌರ್ಯ ಅಶೋಕನು ಹಂಚಿದ ಧಾತುಸ್ತೂಪಗಳಲ್ಲೊಂದು ತಮ್ಮಲ್ಲಿದೆಯೆಂದು ನಂಬುವ ವಿಹಾರ ಅದು.

ಮೂರನೆಯ ಯತ್ನವೂ ಕೈಗೂಡಲಿಲ್ಲ. ನಾಲ್ಕನೆಯ ಸಲ ತಡೆದದ್ದು ಕಡಲಲ್ಲ, ಪ್ರೀತಿ. ಲಿಂಗ್‌ಯೂ ಎಂಬ ಶಿಷ್ಯ ಗುರುವಿನ ಜೀವಕ್ಕೆ ಹೆದರಿ ತಾನೇ ಅಧಿಕಾರಿಗಳಲ್ಲಿ ಮೊರೆಯಿಟ್ಟು ಅವರನ್ನು ದಾರಿಯಲ್ಲಿ ಹಿಡಿಸಿದ. ಕಾವಲಿನಲ್ಲಿ ಯಾಂಗ್‌ಝೌಗೆ ಮರಳಿದ ಜಿಯಾನ್‌ಝೆನ್ ಅವನ ಮುಖ ನೋಡಲಿಲ್ಲ. ಲಿಂಗ್‌ಯೂ ಅರವತ್ತು ರಾತ್ರಿ, ಮೊದಲ ಜಾವದಿಂದ ಬೆಳಗಿನವರೆಗೆ ಗುರುವಿನ ಬಾಗಿಲಲ್ಲಿ ನಿಂತು ಕ್ಷಮೆ ಬೇಡಿದನಂತೆ.

748ರ ಐದನೆಯ ಯಾನವೇ ಎಲ್ಲಕ್ಕಿಂತ ಘೋರ. ಪೂರ್ವಕ್ಕೆ ಹೋಗಬೇಕಾದ ಹಡಗನ್ನು ಗಾಳಿ ದಕ್ಷಿಣಕ್ಕೆ ಎಳೆದೊಯ್ಯಿತು. ಸಿಹಿನೀರು ಮುಗಿಯಿತು. ಫುಶೋ ದಿನವೂ ಒಂದಿಷ್ಟು ಹಸಿ ಅಕ್ಕಿ ಹಂಚುತ್ತಿದ್ದ. ಒಣಗಿದ ಗಂಟಲಲ್ಲಿ ಅದು ಇಳಿಯದು, ಉಗುಳಿದರೂ ಬಾರದು. ಉಪ್ಪುನೀರು ಕುಡಿದವರಿಗೆ ಹೊಟ್ಟೆ ಉಬ್ಬರಿಸಿತು. ಹದಿನಾಲ್ಕು ದಿನದ ಮೇಲೆ ದಡ ಸಿಕ್ಕಿದ್ದು ಹೈನಾನ್ ದ್ವೀಪದ ದಕ್ಷಿಣ ತುದಿಯಲ್ಲಿ, ಜಪಾನಿಗೆ ತೀರಾ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ಫೆಂಗ್ ಎಂಬ ಸ್ಥಳೀಯ ಮನೆತನದವರು ಅವರನ್ನು ಆದರಿಸಿದರು. ಆ ಮನೆತನದ ಒಬ್ಬ ಮುಖಂಡನಂತೂ ವರ್ಷವರ್ಷವೂ ಎರಡು ಮೂರು ಪರ್ಷಿಯನ್ ಹಡಗುಗಳನ್ನು ಸುಲಿದು ಶ್ರೀಮಂತನಾದವನು. ಅತಿಥಿಗಳು ಬಂದಾಗ ದೀಪಕ್ಕೆ ಬದಲು ಧೂಪದ ರಾಳವನ್ನು ರಾಶಿಗಟ್ಟಲೆ ಒಮ್ಮೆಗೇ ಉರಿಸುತ್ತಿದ್ದನಂತೆ. ಬಂದಲ್ಲಿ ಸುಮ್ಮನೆ ಕೂರುವ ಜಾಯಮಾನ ಜಿಯಾನ್‌ಝೆನ್‌ನದಲ್ಲ. ಒಂದು ವರ್ಷ ನಿಂತು ಅಲ್ಲಿನ ಪಾಳು ವಿಹಾರವನ್ನು ಮತ್ತೆ ಕಟ್ಟಿಸಿದ, ದೀಕ್ಷೆ ಕೊಟ್ಟ, ವಿನಯ ಪಾಠ ಹೇಳಿದ.

ಹಿಂತಿರುಗುವ ದಾರಿ ಸಾವಿರಾರು ಮೈಲಿ. ಗ್ವಾಂಗ್‌ಝೌ ಬಂದರಿನಲ್ಲಿ ಭಾರತ, ಪರ್ಷಿಯಾ, ಆಗ್ನೇಯ ಏಷ್ಯಾದ ಹಡಗುಗಳು ಲೆಕ್ಕವಿಲ್ಲದಷ್ಟು ನಿಂತಿದ್ದವು. ಊರಿನಲ್ಲಿ ಭಾರತೀಯ ಭಿಕ್ಷುಗಳು ವಾಸವಾಗಿದ್ದ ಮೂರು ವಿಹಾರಗಳಿದ್ದವೆಂದು ಚರಿತ್ರೆ ಹೇಳುತ್ತದೆ. ಈ ದಾರಿಯಲ್ಲೇ ಯೋಯೇಯಿ ತೀರಿಕೊಂಡ. ಹದಿನೈದಕ್ಕೂ ಹೆಚ್ಚು ವರ್ಷ ಒಂದೇ ಉದ್ದೇಶಕ್ಕಾಗಿ ಪರದೇಶದಲ್ಲಿ ಅಲೆದ ಆ ಜಪಾನೀ ಭಿಕ್ಷುವಿಗೆ ಅದರ ಫಲ ಕಾಣುವ ಭಾಗ್ಯವಿರಲಿಲ್ಲ. ಫುಶೋ ಕಣ್ಣೀರಿಟ್ಟು ಬೀಳ್ಕೊಂಡು ಬೇರೆ ದಾರಿ ಹಿಡಿದ. 750ರ ಹೊತ್ತಿಗೆ ಬಿಸಿಲಿನ ಬೇಗೆಯಿಂದ ಜಿಯಾನ್‌ಝೆನ್‌ನ ಕಣ್ಣು ಮಂಜಾಯಿತು. ಪರದೇಶದ ವೈದ್ಯನೊಬ್ಬ ಚಿಕಿತ್ಸೆ ಮಾಡಿದ ಮೇಲೂ ದೃಷ್ಟಿ ಹೋಯಿತು. ಮೊದಲ ದಿನ ಎದ್ದು ನಿಂತು ಅಪಾಯದ ಮಾತು ಹೇಳಿದ್ದ, ಆಮೇಲೆ ಎಂದೂ ಗುರುವನ್ನು ಬಿಡದ ಷಿಯಾಂಗ್‌ಯಾನ್ ಕೂಡ ಅದೇ ಪ್ರಯಾಣದಲ್ಲಿ ಸತ್ತ.

753ರ ಹೊತ್ತಿಗೆ ಹೊಸ ಜಪಾನೀ ನಿಯೋಗ ಬಂದಿತ್ತು. ರಾಯಭಾರಿ ಫುಜಿವಾರಾ ನೋ ಕಿಯೋಕಾವಾ ಜಿಯಾನ್‌ಝೆನ್‌ನನ್ನು ಕಳಿಸಿಕೊಡುವಂತೆ ಚಕ್ರವರ್ತಿ ಶುವಾನ್‌ಝಾಂಗ್‌ನನ್ನು ಕೇಳಿದ. ಜೊತೆಗೆ ದಾವೊ ಪಂಥದ ಗುರುಗಳನ್ನೂ ಒಯ್ಯಿರೆಂದು ಚಕ್ರವರ್ತಿ ಹೇಳಿದಾಗ, ಜಪಾನಿಗೆ ಅದು ಬೇಡವಾದ್ದರಿಂದ, ಕೋರಿಕೆಯನ್ನೇ ಹಿಂತೆಗೆದುಕೊಂಡರು. ಇನ್ನು ಉಳಿದದ್ದು ಕದ್ದು ಹೋಗುವ ದಾರಿ. ಅರವತ್ತೈದು ದಾಟಿದ, ಕಣ್ಣು ಕಾಣದ ಜಿಯಾನ್‌ಝೆನ್ ರಾತ್ರಿ ಯಾಂಗ್‌ಝೌ ಬಿಟ್ಟು ದೋಣಿ ಹತ್ತಿದ. ಬಂದರಿನಲ್ಲಿ ರಾಯಭಾರಿಗೆ ಧೈರ್ಯ ಸಾಲದೆ ಹೋಯಿತು. ಸಿಕ್ಕಿಬಿದ್ದರೆ ರಾಜ್ಯಕ್ಕೆ ಕಳಂಕವೆಂದು ಭಿಕ್ಷುಗಳನ್ನೆಲ್ಲ ಕೆಳಗಿಳಿಸಿದ. ಅವರನ್ನು ಗುಟ್ಟಾಗಿ ಎರಡನೆಯ ಹಡಗಿಗೆ ಹತ್ತಿಸಿಕೊಂಡವನು ಉಪರಾಯಭಾರಿ ಓತೋಮೋ ನೋ ಕೋಮಾರೋ. ರಾಯಭಾರಿಯಿದ್ದ ಮೊದಲ ಹಡಗು ಗಾಳಿಗೆ ಸಿಕ್ಕಿ ಇಂದಿನ ವಿಯೆಟ್ನಾಂನ ಅನ್ನಾಮ್ ತೀರಕ್ಕೆ ಹೋಯಿತು. ಹೆಚ್ಚಿನವರು ಅಲ್ಲಿ ಹತರಾದರು. ಕಿಯೋಕಾವಾ ಬದುಕಿ ಚಾಂಗ್‌ಆನ್‌ಗೆ ಮರಳಿದನಾದರೂ ಮತ್ತೆಂದೂ ಸ್ವದೇಶ ಕಾಣಲಿಲ್ಲ. ಎರಡನೆಯ ಹಡಗು ಓಕಿನಾವಾ ಮೂಲಕ ಕ್ಯೂಶೂ ದ್ವೀಪದ ದಕ್ಷಿಣ ಕರಾವಳಿ ಮುಟ್ಟಿತು. ಹನ್ನೆರಡು ವರ್ಷ, ಆರು ಯತ್ನ. ಈ ನಡುವೆ ಸತ್ತವರು 36, ಮನಸ್ಸು ಬದಲಿಸಿ ಹಿಂದೆ ಸರಿದವರು 200ಕ್ಕೂ ಹೆಚ್ಚು. ಮೊದಲಿನಿಂದ ಕೊನೆಯತನಕ ಉಳಿದವರು ಮೂವರೇ: ಜಿಯಾನ್‌ಝೆನ್, ಇನ್ನೊಂದು ಹಡಗಿನಲ್ಲಿ ಬಂದು ಸೇರಿದ ಫುಶೋ, ಮತ್ತು ಶಿಷ್ಯ ಸಿತುವೊ.

ಜೊತೆಗೆ ಇಳಿದವರು ಇಪ್ಪತ್ನಾಲ್ಕು ಜನ. ಭಿಕ್ಷುಗಳಲ್ಲದೆ ಮೂವರು ಭಿಕ್ಷುಣಿಯರಿದ್ದರು. ಮಧ್ಯ ಏಷ್ಯಾ ಮೂಲದ ರುಬಾವೊ ಎಂಬ ತರುಣನಿದ್ದ. ಚಂಪಾದವನೊಬ್ಬ, ಆಗ್ನೇಯ ದ್ವೀಪಗಳ ಕಡೆಯವನೊಬ್ಬ ಇದ್ದರು. ಸಾಮಾನಿನ ಪಟ್ಟಿಯೂ ಉಳಿದಿದೆ: ಬುದ್ಧಧಾತು, ವಿಗ್ರಹಗಳು, ವಿನಯದ ಭಾಷ್ಯಗಳು, ತಿಯಾನ್‌ತಾಯ್ ಪಂಥದ ಗ್ರಂಥಗಳು, ಮಹಾಲಿಪಿಕಾರ ವಾಂಗ್ ಷಿಝಿಯ ಹಸ್ತಾಕ್ಷರ. ಆ ಪಟ್ಟಿಯ ಒಂದು ಬಾಬತ್ತು ನಮ್ಮವರ ಗಮನಕ್ಕೆ ಬರಬೇಕು. ಹನ್ನೆರಡು ಸುರುಳಿಗಳ ಆ ಗ್ರಂಥ ಹ್ಯೂಯೆನ್ ತ್ಸಾಂಗನ ಪ್ರವಾಸವೃತ್ತಾಂತ. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಅವನ ಪ್ರಜೆಗಳ ಕೆಚ್ಚನ್ನೂ, ಹರ್ಷನಿಗೂ ಅವನು ಮಣಿಯದ್ದನ್ನೂ ಬಣ್ಣಿಸಿದ ಅದೇ ಪುಸ್ತಕ. ನಾವು ಶಾಲೆಯಲ್ಲಿ ಓದಿದ ಆ ಮಾತುಗಳು, ಬರೆದು ಒಂದು ಶತಮಾನ ಕಳೆದ ಮೇಲೆ, ಜಿಯಾನ್‌ಝೆನ್‌ನ ಪೆಟ್ಟಿಗೆಯಲ್ಲಿ ನಾರಾದ ವಿಹಾರಕ್ಕೆ ಹೋಗಿದ್ದವು.

754ರ ಎರಡನೆಯ ತಿಂಗಳಲ್ಲಿ ಜಿಯಾನ್‌ಝೆನ್ ನಾರಾ ಪ್ರವೇಶಿಸಿದ. ಜಪಾನೀಯರು ಆತನನ್ನು ಕರೆಯುವುದು ಗಾಂಜಿನ್ ಎಂದು. ತೋದಾಯ್‌ಜಿ ವಿಹಾರದಲ್ಲಿ ಕುಶಲ ವಿಚಾರಿಸಲು ಬಂದವರಲ್ಲಿ, ಹದಿನೆಂಟು ವರ್ಷ ಹಿಂದೆ ಬಂದಿದ್ದ ದಾವೊಶುವಾನ್ ಇದ್ದ. ಅವನ ಜೊತೆಗೇ ಅಂದು ಬಂದಿಳಿದಿದ್ದ, 752ರಲ್ಲಿ ಅಲ್ಲಿನ ಮಹಾಬುದ್ಧನ ಕಣ್ಣು ತೆರೆಸಿದ್ದ ಭಾರತದ ಬೋಧಿಸೇನನೂ ಇದ್ದ. ಮೂರು ದಿಕ್ಕಿನ ಮೂವರು ಎನ್ನಲಾಗದಿದ್ದರೂ ಎರಡು ದೇಶಗಳ ಮೂವರು ಪರದೇಶಿಗಳು ಮೂರನೆಯ ದೇಶದಲ್ಲಿ ಕೂತು ಮಾತಾಡಿದ ಆ ಹೊತ್ತನ್ನು ನಾನು ಏಷ್ಯಾದ ಇತಿಹಾಸದ ಶ್ರೇಷ್ಠ ಗಳಿಗೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಆ ವರ್ಷ ನಾಲ್ಕನೆಯ ತಿಂಗಳಲ್ಲಿ ಮಹಾಬುದ್ಧನ ಮಂದಿರದ ಎದುರು ದೀಕ್ಷಾವೇದಿಕೆ ಕಟ್ಟಿದರು. ನಿವೃತ್ತ ಚಕ್ರವರ್ತಿ ಶೋಮು, ಅವನ ರಾಣಿ ಕೋಮ್ಯೋ, ಪಟ್ಟದಲ್ಲಿದ್ದ ಮಗಳು ಕೋಕೆನ್ ಗೃಹಸ್ಥರೂ ತೆಗೆದುಕೊಳ್ಳಬಹುದಾದ ಬೋಧಿಸತ್ವಶೀಲ ಸ್ವೀಕರಿಸಿದರು. ಬಳಿಕ 440ಕ್ಕೂ ಹೆಚ್ಚು ಶ್ರಾಮಣೇರರಿಗೆ ದೀಕ್ಷೆಯಾಯಿತು. ಆ ವೇದಿಕೆಯ ಮಣ್ಣನ್ನೇ ಒಯ್ದು ಮಂದಿರದ ಪಶ್ಚಿಮಕ್ಕೆ ಶಾಶ್ವತ ದೀಕ್ಷಾಪೀಠ ನಿರ್ಮಿಸಿದರು. ಆಮೇಲೆ 761ರಲ್ಲಿ ಪೂರ್ವದ ಶಿಮೋತ್ಸುಕೆಯಲ್ಲಿ, ಪಶ್ಚಿಮದ ತ್ಸುಕುಶಿಯಲ್ಲಿ ಇನ್ನೆರಡು ಪೀಠಗಳಾದವು. ಜಪಾನಿನಲ್ಲಿ ಭಿಕ್ಷುವಾಗಬೇಕೆನ್ನುವವನು ಈ ಮೂರರಲ್ಲಿ ಒಂದಕ್ಕೆ ಬರಲೇಬೇಕು ಎಂಬ ಪದ್ಧತಿ ನೆಲೆಗೊಂಡಿತು.

ಹಳೆಯ ಭಿಕ್ಷುಗಳು ಇದನ್ನು ಸಲೀಸಾಗಿ ಒಪ್ಪಲಿಲ್ಲ. ಬುದ್ಧನ ಮುಂದೆ ತಾವೇ ತೆಗೆದುಕೊಂಡ ಪ್ರತಿಜ್ಞೆ ಸಾಲದೇ, ಅದಕ್ಕೆ ಸೂತ್ರದ ಆಧಾರವಿದೆಯಲ್ಲ ಎಂಬುದು ಅವರ ವಾದ. ಕೋಫುಕುಜಿ ವಿಹಾರದಲ್ಲಿ ಚರ್ಚೆ ಏರ್ಪಟ್ಟಿತು. ಹೊಸಬರ ಕಡೆಯವರು ಯೋಗಾಚಾರ ಶಾಸ್ತ್ರದ ಪ್ರಮಾಣ ತೆಗೆದು ಉತ್ತರ ಕೊಟ್ಟರು. ಎದುರು ಪಕ್ಷ ನಿರುತ್ತರವಾಗಿ, ಎಂಬತ್ತಕ್ಕೂ ಹೆಚ್ಚು ಹಿರಿಯರು ಹಳೆಯ ದೀಕ್ಷೆ ಬಿಟ್ಟು ಹೊಸದಾಗಿ ದೀಕ್ಷೆ ಪಡೆದರು. ತಲೆ ನರೆತ ಆಚಾರ್ಯರು ತಮ್ಮ ಅಷ್ಟು ವರ್ಷಗಳ ಹಿರಿತನ ಬಿಟ್ಟುಕೊಟ್ಟು ಮತ್ತೆ ಕಿರಿಯರಾಗಿ ನಿಂತರು. ಭಿಕ್ಷುಗಳ ಹಿರಿತನ ಲೆಕ್ಕವಾಗುವುದು ದೀಕ್ಷೆಯ ದಿನದಿಂದಲೇ. ಗೆದ್ದವರ ವಿದ್ಯೆಗಿಂತ ಸೋತವರ ಈ ದೊಡ್ಡತನ ನನಗೆ ಹೆಚ್ಚಾಗಿ ಕಾಣುತ್ತದೆ.

ಅರಮನೆ ಗಾಂಜಿನ್‌ಗೆ ಉನ್ನತ ಪದವಿ ಕೊಟ್ಟಿತು. ಗ್ರಂಥಗಳ ಪಾಠದೋಷಗಳನ್ನು ಬಾಯಿಪಾಠದ ಬಲದಿಂದ ತಿದ್ದಿಸಿದ, ಮೂಗಿನಿಂದಲೇ ಔಷಧಿಗಳನ್ನು ಗುರುತಿಸಿ ಹೇಳಿದ ಎಂದು ರಾಜ್ಯದ ಅಧಿಕೃತ ಇತಿಹಾಸವೇ ದಾಖಲಿಸಿದೆ. 758ರಲ್ಲಿ ವಯಸ್ಸಿನ ಕಾರಣ ಹೇಳಿ ಆಡಳಿತದ ಹೊಣೆಯಿಂದ ಬಿಡುಗಡೆ ಮಾಡಿ, ಮಹಾಗುರು ಎಂಬ ಬಿರುದಿತ್ತರು. ಇದನ್ನು ಗೌರವವೆಂದೂ ಓದಬಹುದು, ದೂರ ಸರಿಸಿದ್ದೆಂದೂ ಓದಬಹುದು. ರಾಜ್ಯಕ್ಕೆ ಬೇಕಿದ್ದದ್ದು ಭಿಕ್ಷುಗಳ ಸಂಖ್ಯೆಗೆ ಒಂದು ಬಾಗಿಲು. ಗಾಂಜಿನ್‌ಗೆ ಬೇಕಿದ್ದದ್ದು ಆ ಬಾಗಿಲು ದಾಟಿ ಬಂದವರು ನಿಯಮವನ್ನು ಓದಿ, ನಡೆದು, ಬದುಕಿನಲ್ಲಿ ತರುವ ಗುರುಕುಲ. ದೀಕ್ಷೆ ಒಂದು ದಿನದ ವಿಧಿ. ಶೀಲ ದಿನದಿನದ ಅಭ್ಯಾಸ. ಅದಕ್ಕೆಂದೇ ತನ್ನದೇ ವಿಹಾರ ಆತನಿಗೆ ಬೇಕಿತ್ತು.

ಆ ವಿಹಾರಕ್ಕೆ ಸಿಕ್ಕಿದ್ದು ತೀರಿಹೋದ ರಾಜಕುಮಾರ ನೀತಾಬೆಯ ಮನೆಯ ನಿವೇಶನ. ವಿನಯ ಕಲಿಯಲು ಬರುವವರ ಊಟದ ಖರ್ಚಿಗೆ ಬಿಜೆನ್ ಪ್ರಾಂತದಲ್ಲಿ ನೂರು ಚೋ ಅಳತೆಯ ಗದ್ದೆ ಉಂಬಳಿಯಾಗಿ ಬಂತು. 759ರಲ್ಲಿ ತೋಶೋದಾಯ್‌ಜಿ ಸ್ಥಾಪನೆಯಾಯಿತು. ನಾಲ್ಕು ದಿಕ್ಕಿನಿಂದ ಬರುವ ಸಂಘಕ್ಕೂ ತೆರೆದದ್ದು ಎಂಬ ಆಶಯ ಅದರ ಹೆಸರಿನಲ್ಲೇ ಇದೆ. ನಮ್ಮ ಗುಹಾಶಾಸನಗಳಲ್ಲಿ ಚಾತುರ್ದಿಶ ಸಂಘಕ್ಕೆ ದಾನ ಬಿಟ್ಟ ಮಾತು ಬರುತ್ತದಲ್ಲ, ಅದೇ ಆಶಯ. ಯಾವ ಪೀಠದಲ್ಲಿ ದೀಕ್ಷೆ ಪಡೆದವನಾದರೂ ಮೊದಲು ಇಲ್ಲಿಗೆ ಬಂದು ವಿನಯ ಓದಿ, ಆಮೇಲೆ ತನಗೆ ಬೇಕಾದ ಪಂಥ ಆರಿಸಿಕೊಳ್ಳಲಿ ಎಂಬ ಯೋಜನೆ.

ರಾಜ್ಯ ಕಟ್ಟಿಸಿದ ಮಹಾವಿಹಾರಗಳಂತೆ ಇದಕ್ಕೆ ಹಣ ಹರಿದುಬರಲಿಲ್ಲ. ಕಟ್ಟಡಗಳು ಕೊಡುಗೆಯಾಗಿ ಒಂದೊಂದಾಗಿ ಬಂದವು. ಪಾಠಶಾಲೆಯ ಸಭಾಂಗಣವೆಂದು ಬಂದದ್ದು ಅರಮನೆಯ ಆಸ್ಥಾನಿಕರ ಸಭಾಭವನ. ಅದನ್ನು ಬಿಚ್ಚಿ ಸಾಗಿಸಿ ಇಲ್ಲಿ ನಿಲ್ಲಿಸಿದರು. ನಾರಾ ಅರಮನೆಯ ಕಟ್ಟಡಗಳಲ್ಲಿ ಇಂದು ಉಳಿದಿರುವುದು ಅದೊಂದೇ, ಅದೂ ಹೀಗೆ ಸ್ಥಳ ಬಿಟ್ಟು ಬಂದದ್ದರಿಂದ. ಇನ್ನೊಂದು ಮಂದಿರ ಕೊಟ್ಟವರು ಫುಜಿವಾರಾ ನೋ ಕಿಯೋಕಾವಾನ ಮನೆಯವರು. ಬಂದರಿನಲ್ಲಿ ಗಾಂಜಿನ್‌ನನ್ನು ಹಡಗಿನಿಂದ ಇಳಿಸಿದ, ತಾನೇ ಮರಳಿ ಬಾರದೆ ಹೋದ ಅದೇ ರಾಯಭಾರಿ. ಮಂದಿರ ಕಟ್ಟುವಾಗ ಅವನ ಮನೆಯವರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಯೋಚಿಸದೆ ಈ ದಾನದ ಪಟ್ಟಿಯನ್ನು ಓದುವುದು ಕಷ್ಟ.

763ರ ವಸಂತದಲ್ಲಿ ನಿಂಕಿ ಎಂಬ ಶಿಷ್ಯನಿಗೆ ಸಭಾಂಗಣದ ತೊಲೆ ಮುರಿದಂತೆ ಕನಸಾಯಿತು. ಗುರುವಿನ ಕಾಲ ಸಮೀಪಿಸಿತೆಂದು ತಿಳಿದು, ಶಿಷ್ಯರು ಅವನ ಪ್ರತಿಮೆ ಮಾಡಿದರು. ಬಟ್ಟೆಯ ಪದರಗಳಿಗೆ ಅರಗಿನಂಥ ಮರದ ರಸ ಬಳಿದು ಒಣಗಿಸಿ ಕಟ್ಟುವ, ಒಳಗೆ ಟೊಳ್ಳಾದ ವಿಧಾನ ಅದು. ಎತ್ತರ ಸುಮಾರು 80 ಸೆಂಟಿಮೀಟರ್. ಮುಚ್ಚಿದ ಕಣ್ಣು, ಬಿಗಿದ ತುಟಿ, ಮಡಿಲಲ್ಲಿ ಕೂಡಿಸಿದ ಕೈಗಳು. ಜಪಾನಿನಲ್ಲಿ ಉಳಿದಿರುವ ವ್ಯಕ್ತಿಪ್ರತಿಮೆಗಳಲ್ಲಿ ಇದೇ ಅತ್ಯಂತ ಹಳೆಯದು. ಅದೇ ವರ್ಷ ಐದನೆಯ ಚಾಂದ್ರಮಾಸದ ಆರನೆಯ ದಿನ, ಪಶ್ಚಿಮಕ್ಕೆ ಮುಖ ಮಾಡಿ ಕುಳಿತಲ್ಲೇ ಗಾಂಜಿನ್ ದೇಹ ಬಿಟ್ಟ. ಹುಟ್ಟಿದ ವರ್ಷವನ್ನೂ ಸೇರಿಸುವ ಅಲ್ಲಿನ ಎಣಿಕೆಯಲ್ಲಿ ವಯಸ್ಸು 76.

ವಿಹಾರದ ಮುಖ್ಯ ಮಂದಿರ ಎದ್ದದ್ದು ಆತ ಹೋದ ಮೇಲೆ. ಅದರ ಮರಗಳ ಬೆಳವಣಿಗೆಯ ಉಂಗುರ ಎಣಿಸಿ ನೋಡಿದಾಗ 781ರಲ್ಲಿ ಕಡಿದ ಮರ ಸಿಕ್ಕಿದೆ. ಕಟ್ಟಿಸಿದ ಕೀರ್ತಿ ಮಧ್ಯ ಏಷ್ಯಾ ಮೂಲದ ಆ ರುಬಾವೊಗೆ ಸಲ್ಲುತ್ತದೆ. ತರುಣನಾಗಿ ಬಂದವನು ಇಲ್ಲಿ ನ್ಯೋಹೋ ಎಂಬ ಹೆಸರಿನ ಹಿರಿಯ ಆಚಾರ್ಯನಾಗಿದ್ದ. ಎಂಟು ದಪ್ಪ ಕಂಬಗಳ ತೆರೆದ ಮೊಗಸಾಲೆ, ಒಳಗೆ ಮೂರು ಮೀಟರ್ ಎತ್ತರದ ವೈರೋಚನ ಬುದ್ಧ, ಎಡಬಲಕ್ಕೆ ಭೈಷಜ್ಯಗುರು ಮತ್ತು ಸಹಸ್ರಬಾಹು ಅವಲೋಕಿತೇಶ್ವರ. ಸಾವಿರ ತೋಳುಗಳೆಂದರೆ ಇಲ್ಲಿ ಮಾತಿಗೆ ಹೇಳಿದ್ದಲ್ಲ: 953 ತೋಳುಗಳು ಈಗಲೂ ಇವೆ. ಸಿತುವೊ ತನ್ನ ಗುರುವಿನ ಚರಿತ್ರೆ ಬರೆದಿಟ್ಟ. ಅದನ್ನು ಆಧರಿಸಿ ಓಮಿ ನೋ ಮಿಫುನೆ 779ರಲ್ಲಿ ಬರೆದ ಗ್ರಂಥದಿಂದಲೇ ನಾವು ಮೇಲಿನ ಸಮುದ್ರಯಾನಗಳ ವಿವರ ತಿಳಿದಿರುವುದು.

ಮುಂದಿನ ಶತಮಾನಗಳು ವಿಹಾರಕ್ಕೆ ಒಳ್ಳೆಯವಾಗಿರಲಿಲ್ಲ. ಗಾಂಜಿನ್ ತಂದ ತಿಯಾನ್‌ತಾಯ್ ಗ್ರಂಥಗಳನ್ನು ಓದಿ ಬೆಳೆದ ಸಾಯ್‌ಚೋ ಎಂಬ ಆಚಾರ್ಯನೇ, ಆ 250 ನಿಯಮಗಳ ದೀಕ್ಷೆ ಬೇಡ, ಬೋಧಿಸತ್ವಶೀಲವೊಂದೇ ಸಾಕೆಂದು ಹೊಸ ಪೀಠಕ್ಕೆ ಅನುಮತಿ ಕೇಳಿದ. 822ರಲ್ಲಿ, ಅವನು ಸತ್ತ ಏಳು ದಿನಕ್ಕೆ, ಅನುಮತಿ ಬಂತು. ನಾರಾದ ಪೀಠದಲ್ಲಿ ದೀಕ್ಷೆ ನಡೆಯುತ್ತಿದ್ದರೂ ಅದು ಬರಬರುತ್ತ ಬರೀ ಶಾಸ್ತ್ರವಾಯಿತು. ಹನ್ನೆರಡನೆಯ ಶತಮಾನದಲ್ಲಿ ಜಿತ್ಸುಹಾನ್ ಎಂಬ ಭಿಕ್ಷು ವಿನಯ ಅರಸಿಕೊಂಡು ತೋಶೋದಾಯ್‌ಜಿಗೆ ಬಂದಾಗ, ಪಾಳುಬಿದ್ದ ಅಂಗಳದಲ್ಲಿ ಬೋಳುತಲೆಯವನೊಬ್ಬ ಎತ್ತು ಕಟ್ಟಿ ಉಳುತ್ತಿದ್ದನಂತೆ. ಇಲ್ಲಿ ವಿನಯ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ನಾನೇ ಒಂದಿಷ್ಟು ಕೇಳಿ ತಿಳಿದಿದ್ದೇನೆ ಎಂದ. ಜಿತ್ಸುಹಾನ್ ಗಾಂಜಿನ್ ಪ್ರತಿಮೆಯ ಮಂದಿರದಲ್ಲಿ ಆ ಉಳುವವನಿಂದಲೇ ಶೀಲ ಪಡೆದ. 1322ರ ಒಂದು ಗ್ರಂಥ ಹೇಳುವ ಕಥೆ ಇದು. ಸಂಸ್ಥೆಯೊಂದು ಎಷ್ಟು ಸಣ್ಣದಾಗಿ ಉಳಿದೂ ಪೂರ್ತಿ ಸಾಯದೆ ಇರಬಹುದೆಂಬುದನ್ನು ಯಾವ ಇತಿಹಾಸಕಾರನೂ ಇದಕ್ಕಿಂತ ಚೆನ್ನಾಗಿ ಹೇಳಲಾರ.

ಆದರೆ ಕೊಂಡಿ ನಿಜಕ್ಕೂ ಸವೆದಿತ್ತು. 1236ರಲ್ಲಿ ಕಾಕುಜೋ, ಏಯ್‌ಸೋನ್ ಮತ್ತಿಬ್ಬರು ತೋದಾಯ್‌ಜಿಯಲ್ಲಿ ಬುದ್ಧನ ಮುಂದೆ ಸ್ವಂತ ಪ್ರತಿಜ್ಞೆಯಿಂದ ದೀಕ್ಷಿತರಾದರು. ಶುದ್ಧವಾಗಿ ದೀಕ್ಷೆ ಕೊಡಬಲ್ಲ ಹತ್ತು ಜನ ಮತ್ತೆ ದೇಶದಲ್ಲಿಲ್ಲವೆಂಬುದು ಅವರ ನಿರ್ಣಯ. 754ರಲ್ಲಿ ಗಾಂಜಿನ್‌ನ ಪಕ್ಷ ಸಾಲದೆಂದು ತಳ್ಳಿಹಾಕಿದ ದಾರಿಯೇ ಇದು! ಆ ಕಾಕುಜೋನೇ 1244ರಲ್ಲಿ ತೋಶೋದಾಯ್‌ಜಿಗೆ ಬಂದು ಅದನ್ನು ಎತ್ತಿ ನಿಲ್ಲಿಸಿದ. ವಿಹಾರ ಅವನನ್ನು ಪುನರುದ್ಧಾರಕನೆಂದು ಪೂಜಿಸುತ್ತದೆ. ಇದನ್ನು ಮೂಲಪುರುಷನಿಗೆ ಮಾಡಿದ ದ್ರೋಹವೆಂದು ನಾನು ಎಣಿಸುವುದಿಲ್ಲ. ಗಾಂಜಿನ್‌ನ ಮುಂದೆ ಎರಡು ದಾರಿಗಳಿದ್ದವು, ಆತ ಕಷ್ಟದ್ದನ್ನು ಹಿಡಿದ. ಕಾಕುಜೋನ ಮುಂದೆ ಇದ್ದದ್ದು ಒಂದೇ. ಪ್ರತಿಜ್ಞೆ ಮುಗಿಸಿ ಆತ ಸುಮ್ಮನಾಗಲಿಲ್ಲ. ಆ 250 ನಿಯಮಗಳನ್ನು ಓದಿಸಿದ, ಪಾಲಿಸಿದ, ಮುಂದಿನವರಿಗೆ ಸಂಘದ ಸಭೆಯಲ್ಲೇ ದೀಕ್ಷೆಯಾಗುವಂತೆ ಸಂಘವನ್ನು ಮತ್ತೆ ಕೂಡಿಸಿದ. ಅವನ ನೆನಪಿಗೆ ಪ್ರತಿವರ್ಷ ಮೇ 19ರಂದು ಬೀಸಣಿಗೆ ಎರಚುವ ಹಬ್ಬ ನಡೆಯುತ್ತದೆ. ಕಚ್ಚುತ್ತಿದ್ದ ಸೊಳ್ಳೆಯನ್ನು ಹೊಡೆಯಲು ಬಂದ ಶಿಷ್ಯನನ್ನು ತಡೆದು, ರಕ್ತ ಕೊಡುವುದೂ ದಾನವೇ ಎಂದನಂತೆ. ಅವನು ತೀರಿಕೊಂಡ ಮೇಲೆ ನಾರಾದ ಹೊಕ್ಕೆಜಿ ವಿಹಾರದ ಭಿಕ್ಷುಣಿಯರು, ಸೊಳ್ಳೆಯನ್ನು ಓಡಿಸಲಾದರೂ ಆಗಲೆಂದು ಬೀಸಣಿಗೆ ಅರ್ಪಿಸಿದರು.

1872ರಲ್ಲಿ ಮೇಜಿ ಸರ್ಕಾರ ಭಿಕ್ಷುಗಳು ಮದುವೆಯಾದರೂ ಮಾಂಸ ತಿಂದರೂ ತನ್ನ ಅಡ್ಡಿಯಿಲ್ಲವೆಂದು ಆಜ್ಞೆ ಹೊರಡಿಸಿದಾಗ ವಿನಯದ ಪಂಥಕ್ಕೆ ಬಿದ್ದ ಪೆಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ 1900ರಲ್ಲಿ ತೋಶೋದಾಯ್‌ಜಿ ತನ್ನ ರಿತ್ಸು, ಅಂದರೆ ವಿನಯದ, ಪಂಥವನ್ನು ಸ್ವತಂತ್ರವಾಗಿ ಉಳಿಸಿಕೊಂಡಿತು.

ವಿಚಿತ್ರವೆಂದರೆ ತವರಿನಲ್ಲಿ ಜಿಯಾನ್‌ಝೆನ್‌ನ ನೆನಪು ಮಾಸಿತ್ತು. ದಾಮಿಂಗ್ ವಿಹಾರದ ಹೆಸರನ್ನೂ 1765ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಫಾಜಿಂಗ್ ಎಂದು ಬದಲಿಸಿದ್ದ. 1922ರಲ್ಲಿ ಜಪಾನಿನ ವಿದ್ವಾಂಸ ತೋಕಿವಾ ದಾಯ್‌ಜೋ ಅಲ್ಲಿ ಸ್ಮಾರಕಶಿಲೆ ನೆಡಿಸಿದ. ಮುಂದೆ ಯುದ್ಧ ಬಂತು. ಜಪಾನೀ ಸೇನೆ ಚೀನಾದಲ್ಲಿ ನಡೆಸಿದ ಕ್ರೌರ್ಯದ ಬಳಿಕ ಎರಡೂ ದೇಶಗಳಿಗೆ ಮಾತಾಡಲು ಬಾಯಿಯೇ ಇರಲಿಲ್ಲ. ರಾಜತಾಂತ್ರಿಕ ಸಂಬಂಧವೇ ಇಲ್ಲದ 1963ರಲ್ಲಿ, ಗಾಂಜಿನ್‌ನ 1200ನೆಯ ಪುಣ್ಯತಿಥಿಯನ್ನು ಎರಡೂ ಕಡೆ ಆಚರಿಸಿದರು. ಯಾಂಗ್‌ಝೌನ ಸ್ಮಾರಕಭವನದ ನಕ್ಷೆ ಮಾಡಿದವರು ಚೀನಾದ ವಾಸ್ತುಶಿಲ್ಪ ಇತಿಹಾಸಕಾರ ಲಿಯಾಂಗ್ ಸಿಚೆಂಗ್. ತೋಶೋದಾಯ್‌ಜಿಯ ಮುಖ್ಯ ಮಂದಿರವನ್ನೇ ಮಾದರಿಯಾಗಿಟ್ಟುಕೊಂಡರು. ತಾಂಗ್ ಕಾಲದ ಶೈಲಿ ತಮ್ಮ ನೆಲದಲ್ಲಿ ವಿರಳವಾಗಿ, ನಾರಾದಲ್ಲಿ ಉಳಿದಿತ್ತು. ಕಟ್ಟಡ 1973ರಲ್ಲಿ ಮುಗಿಯುವ ಹೊತ್ತಿಗೆ ಅವರು ತೀರಿಹೋಗಿದ್ದರು.

1980ರ ಏಪ್ರಿಲ್‌ನಲ್ಲಿ, ತೋಶೋದಾಯ್‌ಜಿಯ ಮಠಾಧಿಪತಿ ಮೋರಿಮೋತೋ ಕೋಜುನ್ ಅವರ ಬಹುಕಾಲದ ಪ್ರಯತ್ನದ ಫಲವಾಗಿ, ಶಿಷ್ಯರು ಮಾಡಿದ ಗಾಂಜಿನ್‌ನ ಆ ಪ್ರತಿಮೆಯೇ ಯಾಂಗ್‌ಝೌಗೂ ಬೀಜಿಂಗ್‌ಗೂ ಹೋಗಿಬಂತು. ಅದರ ಸ್ವಾಗತದ ವೇಳೆಗೆ ವಿಹಾರಕ್ಕೆ ದಾಮಿಂಗ್ ಎಂಬ ಹಳೆಯ ಹೆಸರು ಮರಳಿತು. ಚಿತ್ರಕಾರ ಹಿಗಾಶಿಯಾಮಾ ಕಾಯಿ ಸುಮಾರು ಹತ್ತು ವರ್ಷ ದುಡಿದು ಪ್ರತಿಮೆಯಿರುವ ಮಂದಿರದ ಜಾರುಬಾಗಿಲುಗಳ ಮೇಲೆ ಚಿತ್ರ ಬರೆದರು: ಮುಂಭಾಗದಲ್ಲಿ ಜಪಾನಿನ ಬೆಟ್ಟ ಮತ್ತು ಕಡಲು, ಒಳಭಾಗದಲ್ಲಿ ಮಸಿಯಲ್ಲಿ ಯಾಂಗ್‌ಝೌ, ಹುವಾಂಗ್‌ಶಾನ್, ಗುಯ್‌ಲಿನ್. ಕಣ್ಣು ಹೋಗುವ ಮೊದಲು ಜಿಯಾನ್‌ಝೆನ್ ಕಂಡ ನಾಡೂ, ಕಣ್ಣಿನಿಂದ ಎಂದೂ ಕಾಣದ ನಾಡೂ ಹೀಗೆ ಅವನ ಸುತ್ತ ಬಂದವು.

1998ರಲ್ಲಿ ತೋಶೋದಾಯ್‌ಜಿ ಪ್ರಾಚೀನ ನಾರಾದ ಇತರ ಸ್ಮಾರಕಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿತು. ಮುಖ್ಯ ಮಂದಿರದ ಕಂಬಗಳು ಒಳಕ್ಕೆ ವಾಲಿದ್ದವು. 2000ದಿಂದ 2009ರವರೆಗೆ ಇಡೀ ಕಟ್ಟಡವನ್ನು ಬಿಚ್ಚಿ, ತುಂಡು ತುಂಡಾಗಿ ಪರೀಕ್ಷಿಸಿ, ಮತ್ತೆ ಜೋಡಿಸಿದರು. ಮೂಲ ಪ್ರತಿಮೆಯ ಬಾಗಿಲು ತೆರೆಯುವುದು ವರ್ಷಕ್ಕೆ ಮೂರೇ ದಿನ, ಗಾಂಜಿನ್‌ನ ಪುಣ್ಯತಿಥಿಯ ಸುತ್ತ, ಜೂನ್ 5ರಿಂದ 7ರವರೆಗೆ. ಉಳಿದ ದಿನಗಳಲ್ಲಿ ಹೋದವರಿಗೆ, ಅದೇ ಹಳೆಯ ವಿಧಾನದಲ್ಲಿ 2013ರಲ್ಲಿ ಮಾಡಿದ ಪ್ರತಿರೂಪದ ದರ್ಶನ ಸಿಗುತ್ತದೆ.